ಪ್ಯಾರಿಸ್‌ನಲ್ಲಿ ಹುಟ್ಟುಹಬ್ಬದ ಊಟ: ಇಬ್ಬರಿಗೊಂದು ಸಮಗ್ರ ಮಾರ್ಗದರ್ಶಿ

ಗಂಡನದ್ದೋ ಹೆಂಡತಿಯದ್ದೋ ಹುಟ್ಟುಹಬ್ಬ ಪ್ಯಾರಿಸ್ ಪ್ರವಾಸದ ನಡುವೆ ಬಂದಿದೆ. ಒಂದು ರಾತ್ರಿಯಾದರೂ ದೊಡ್ಡ ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ಊಟ ಮಾಡೋಣ ಅಂತ ಆಸೆ. ಒಳ್ಳೆ ಆಸೆ, ಮಾಡಿ. ಆದರೆ ಅಲ್ಲಿ ಸುಮ್ನೆ ಹೋಗಿ ಕೂತು, ಮೆನು ನೋಡಿ, ಏನೋ ಒಂದು ಹೇಳಿಬಿಡ್ತೀನಿ ಅಂದರೆ ನಡೆಯುವುದಿಲ್ಲ. ನೀವು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ, ಯಾರ ಹುಟ್ಟುಹಬ್ಬ, ಇದೆಲ್ಲಾ ನೀವು ಬಾಗಿಲು ದಾಟುವ ಮುಂಚೆಯೇ ಅಡುಗೆಮನೆಗೆ ಗೊತ್ತಿರಬೇಕು. ಗೊತ್ತಿದ್ದರೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ, ಅದರಲ್ಲೂ ನೀವು ಸಸ್ಯಾಹಾರಿಯಾಗಿದ್ದರೆ, ನೂರಾರು ಯೂರೋ ಕೊಟ್ಟು ಬೇಯಿಸಿದ ತರಕಾರಿ ತಿಂದು ಎದ್ದು ಬರುತ್ತೀರಿ. ಅದಕ್ಕೇ ಈ ಬರಹದ ಅರ್ಧದಷ್ಟು ಊರು ಬಿಡುವ ಮುಂಚೆ ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ.

1. ದಿನ ಮತ್ತು ಹೊತ್ತು

ಮೊದಲು ಕ್ಯಾಲೆಂಡರ್ ನೋಡಿ. ಪ್ಯಾರಿಸ್‌ನ ಒಳ್ಳೆ ರೆಸ್ಟೋರೆಂಟ್‌ಗಳಲ್ಲಿ ಹಲವು ಭಾನುವಾರ, ಸೋಮವಾರ ಮುಚ್ಚಿರುತ್ತವೆ. ಕೆಲವು ಶನಿವಾರವೂ ಇಲ್ಲ. ಆಗಸ್ಟ್‌ನಲ್ಲಂತೂ ವಾರಗಟ್ಟಲೆ ಬಾಗಿಲು ಹಾಕಿ ರಜೆಗೆ ಹೋಗುತ್ತಾರೆ. ನಮ್ಮ ಬೇಸಿಗೆ ರಜೆಯಲ್ಲಿ ಹೋಗುವವರು ಮೇ 1 ನೆನಪಿಟ್ಟುಕೊಳ್ಳಿ, ಅವತ್ತು ಅಲ್ಲಿ ರಜಾ ದಿನ. ಹುಟ್ಟುಹಬ್ಬ ಇಂಥ ದಿನ ಬಿದ್ದರೆ ಊಟವನ್ನು ಒಂದು ದಿನ ಆಚೀಚೆ ಮಾಡಿಕೊಳ್ಳಿ. ಯಾರೂ ಕೇಸ್ ಹಾಕುವುದಿಲ್ಲ.

ಇನ್ನು ಹೊತ್ತು. ಅಲ್ಲಿ ರಾತ್ರಿ ಊಟ ಶುರುವಾಗುವುದೇ 7:30ಕ್ಕೋ 8ಕ್ಕೋ, ಮುಗಿಯಲು ಮೂರು ಗಂಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ಅಲ್ಲಿಯ ರಾತ್ರಿ 8 ಗಂಟೆ ನಿಮ್ಮ ದೇಹಕ್ಕೆ ಮಧ್ಯರಾತ್ರಿ. ಬೆಂಗಳೂರಿನಿಂದ ಇಳಿದ ದಿನವೇ ಇಂಥ ಊಟ ಇಟ್ಟುಕೊಂಡರೆ, ಒಂದಾದ ಮೇಲೊಂದು ಬರುವ ತಟ್ಟೆಗಳಲ್ಲಿ ಮುಖ್ಯವಾದದ್ದು ಬರುವಷ್ಟರಲ್ಲಿ ಒಬ್ಬರು ತೂಕಡಿಸುತ್ತಿರುತ್ತಾರೆ. ಕನಿಷ್ಠ ಎರಡು ರಾತ್ರಿ ಅಲ್ಲಿ ನಿದ್ದೆ ಮಾಡಿದ ಮೇಲೆ ಇಟ್ಟುಕೊಳ್ಳಿ.

ಇದೇ ಲೆಕ್ಕದಲ್ಲಿ ಒಂದು ಮಜಾ ಇದೆ. ಭಾರತದ ರಾತ್ರಿ 12 ಗಂಟೆ ಅಂದರೆ ಪ್ಯಾರಿಸ್‌ನಲ್ಲಿ ಬೇಸಿಗೆಯ ಸಂಜೆ 8:30, ಚಳಿಗಾಲದ 7:30. ಹುಟ್ಟುಹಬ್ಬದ ಹಿಂದಿನ ದಿನ ಊಟ ಇಟ್ಟುಕೊಂಡರೆ ಊರಲ್ಲಿ ದಿನ ಬದಲಾಗುವ ಹೊತ್ತಿಗೆ ನೀವು ಟೇಬಲ್‌ನಲ್ಲಿರುತ್ತೀರಿ. ಆದರೆ ಅಮ್ಮ, ಅತ್ತೆ, ಕಾಲೇಜ್ ಗ್ರೂಪ್ ಎಲ್ಲರೂ ಆಗಲೇ ಫೋನ್ ಮಾಡುತ್ತಾರೆ, ಅಲ್ವಾ? ಆ ನಿಶ್ಶಬ್ದದ ಹಾಲ್‌ನಲ್ಲಿ ಸ್ಪೀಕರ್ ಹಾಕಿ ವಿಡಿಯೋ ಕಾಲ್ ಮಾಡುವುದು ಬೇಡ. ಮನೆಯವರಿಗೆ ಮೊದಲೇ ಹೇಳಿಬಿಡಿ, ನಾಳೆ ಬೆಳಗ್ಗೆ ಮಾತಾಡೋಣ ಅಂತ.

2. ಜಾಗ ಆರಿಸುವುದು

ಎಲ್ಲರೂ ಮಿಶೆಲಿನ್ ಸ್ಟಾರ್ ನೋಡುತ್ತಾರೆ. ಟೈರ್ ಕಂಪನಿ 1900ರಲ್ಲಿ ಕಾರಿನವರಿಗಾಗಿ ಶುರುಮಾಡಿದ ಕೈಪಿಡಿ ಅದು, ಒಳ್ಳೆ ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡಲು ಶುರುಮಾಡಿದ್ದು 1926ರಲ್ಲಿ. ಒಂದು ಸ್ಟಾರ್ ಇದ್ದರೆ ದಾರಿಯಲ್ಲಿ ನಿಲ್ಲಬಹುದು, ಎರಡಿದ್ದರೆ ದಾರಿ ಬಿಟ್ಟು ಹೋಗಬಹುದು, ಮೂರಿದ್ದರೆ ಅದಕ್ಕೇ ಅಂತ ಪ್ರಯಾಣ ಮಾಡಬಹುದು ಅನ್ನುವ ಲೆಕ್ಕ. ನನ್ನನ್ನು ಕೇಳಿದರೆ ಇಬ್ಬರ ಹುಟ್ಟುಹಬ್ಬಕ್ಕೆ ಒಂದು ಸ್ಟಾರ್ ಜಾಗವೇ ಹಿತ. ಮೂರು ಸ್ಟಾರ್ ಜಾಗದಲ್ಲಿ ಊಟ ಒಂದು ಪ್ರದರ್ಶನ. ಪ್ರತಿ ತಟ್ಟೆಗೂ ವಿವರಣೆ ಕೇಳುತ್ತಾ ಕೂರಬೇಕು, ನಿಮ್ಮಿಬ್ಬರ ಮಾತಿಗೆ ಜಾಗ ಕಡಿಮೆ. ಆ ಪ್ರದರ್ಶನವೇ ಬೇಕು ಅನ್ನುವವರು ಖಂಡಿತ ಹೋಗಿ, ಅದರ ಸೊಗಸೇ ಬೇರೆ.

ಇಬ್ಬರೂ ಸಸ್ಯಾಹಾರಿಗಳಾಗಿದ್ದರೆ ಆರ್ಪೆಜ್ ನೋಡಿ. ರೂ ದ ವರೆನ್ ಬೀದಿಯಲ್ಲಿ, ರೋದಾಂ ಮ್ಯೂಸಿಯಂ ಹತ್ತಿರವೇ ಇದೆ. ಅಲಾಂ ಪಸ್ಸಾರ್ ಎಂಬ ಬಾಣಸಿಗರ ಜಾಗ. 1996ರಲ್ಲಿ ಮೂರನೇ ಸ್ಟಾರ್ ಬಂತು. 2001ರಲ್ಲಿ, ಮಾಂಸವಿಲ್ಲದೆ ಫ್ರೆಂಚ್ ಅಡುಗೆ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಮೆನುವಿನಿಂದ ಕೆಂಪು ಮಾಂಸ ತೆಗೆದುಹಾಕಿದರು. 2025ರ ಜುಲೈನಲ್ಲಿ ಮೀನು, ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಟ್ಟರು. ಅವರದೇ ಜೇನುಗೂಡಿನ ಜೇನು ಮಾತ್ರ ಉಳಿಯಿತು. ತರಕಾರಿ ಬರುವುದು ಅವರದೇ ತೋಟಗಳಿಂದ. ನಮ್ಮವರಿಗೆ ಇಷ್ಟು ನಿಶ್ಚಿಂತೆಯ ದೊಡ್ಡ ಫ್ರೆಂಚ್ ಊಟ ಇನ್ನೊಂದು ಕಡೆ ಸಿಗುವುದು ಕಷ್ಟ. ಶನಿವಾರ, ಭಾನುವಾರ ತೆರೆಯುವುದಿಲ್ಲ, ಅದೊಂದು ನೋಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಇಲ್ಲೂ ಮೊದಲೇ ಹೇಳಬೇಕು.

ಮಾಂಸ ತಿನ್ನುವವರಿಗೆ, ಅದರಲ್ಲೂ ಹಳೇ ಕಾಲದ ಠೀವಿ ಇಷ್ಟಪಡುವವರಿಗೆ, ಸೀನ್ ನದಿಯ ದಂಡೆಯ ತೂರ್ ದಾರ್ಜಾಂ ಇದೆ. ಮೇಲಿನ ಮಹಡಿಯ ಕಿಟಕಿಯಿಂದ ನೋತ್ರ್ ದಾಮ್ ಚರ್ಚ್ ಕಾಣುತ್ತದೆ. ಅಲ್ಲಿ ಬಾತುಕೋಳಿಯೇ ಮುಖ್ಯ. 1890ರಿಂದ ಪ್ರತಿ ಬಾತುಕೋಳಿಗೂ ನಂಬರ್ ಹಾಕುತ್ತಾ ಬಂದಿದ್ದಾರೆ, 2003ರಲ್ಲಿ ಹತ್ತು ಲಕ್ಷ ದಾಟಿತು. ನೀವು ತಿಂದ ಬಾತುಕೋಳಿಯ ನಂಬರ್ ಬರೆದ ಕಾರ್ಡ್ ಕೊಡುತ್ತಾರೆ, ಹುಟ್ಟುಹಬ್ಬಕ್ಕೆ ಒಳ್ಳೆ ನೆನಪು. ಆದರೆ ಆ ಪ್ರಸಿದ್ಧ ಸಾಸ್ ಮಾಡುವುದು ಬಾತುಕೋಳಿಯ ಎಲುಬುಗೂಡನ್ನು ಯಂತ್ರದಲ್ಲಿ ಒತ್ತಿ ತೆಗೆದ ರಕ್ತದಿಂದ. ಎದುರಿಗೆ ಕೂರುವವರು ಸಸ್ಯಾಹಾರಿಯಾದರೆ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ.

ಐಫೆಲ್ ಟವರ್ ಮೇಲೇ ತಿನ್ನಬೇಕು ಅನ್ನುವವರಿಗೆ ಜೂಲ್ ವೆರ್ನ್. ಎರಡನೇ ಹಂತದಲ್ಲಿ, ನೆಲದಿಂದ 125 ಮೀಟರ್ ಎತ್ತರದಲ್ಲಿದೆ, ಬೇರೆಯದೇ ಲಿಫ್ಟ್ ಇದೆ. 2024ರಲ್ಲಿ ಎರಡನೇ ಸ್ಟಾರ್ ಬಂತು. ಒಂದು ಸಂಗತಿ ಮಾತ್ರ ಯೋಚಿಸಿ: ಐಫೆಲ್ ಟವರ್ ಮೇಲೆ ಕೂತವರಿಗೆ ಐಫೆಲ್ ಟವರ್ ಕಾಣುವುದಿಲ್ಲ. ಕಿಟಕಿಯಿಂದ ದೀಪಗಳನ್ನು ನೋಡುವ ಆಸೆ ಇದ್ದರೆ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಹೊತ್ತಿಗೆ ಅನ್ನುವುದೂ ತಲೆಯಲ್ಲಿರಲಿ.

ಇಷ್ಟೆಲ್ಲಾ ಖರ್ಚು ಬೇಡ, ಆದರೆ ವೈಭವ ಬೇಕು ಅಂದರೆ ಗಾರ್ ದ ಲಿಯೋಂ ರೈಲು ನಿಲ್ದಾಣದ ಒಳಗೆ ಲ ತ್ರಾಂ ಬ್ಲೂ ಇದೆ. 1901ರದ್ದು. ಚಿನ್ನದ ಬಣ್ಣದ ಕೆತ್ತನೆ, ಛಾವಣಿಯ ತುಂಬಾ ಚಿತ್ರ. ಊಟಕ್ಕಿಂತ ಹಾಲ್ ಚೆನ್ನ, ಫೋಟೋಗಂತೂ ಇದೇ ಸರಿ.

3. ದುಡ್ಡು

ಯೂರೋಗೆ 100 ರೂಪಾಯಿ ಅಂತ ಹಿಡಿದರೆ ತಲೆ ಕೆಡುವುದಿಲ್ಲ. ಮೂರು ಸ್ಟಾರ್ ಜಾಗದ ರಾತ್ರಿಯ ದೊಡ್ಡ ಮೆನು, ಅಂದರೆ ಅವರೇ ಗೊತ್ತುಮಾಡಿದ ಹಲವು ತಟ್ಟೆಗಳ ಊಟ, ಒಬ್ಬರಿಗೆ ಸುಮಾರು 350ರಿಂದ 500 ಯೂರೋ, ಕುಡಿಯುವುದು ಬೇರೆ. ಕುಡಿಯುವುದೂ ಸೇರಿದರೆ ಇಬ್ಬರಿಗೆ ಒಂದು ಲಕ್ಷ ರೂಪಾಯಿ ದಾಟಬಹುದು. ಒಂದು ಸ್ಟಾರ್ ಜಾಗದಲ್ಲಿ ಇಬ್ಬರಿಗೆ 300ರಿಂದ 400 ಯೂರೋದಲ್ಲಿ ಮುಗಿಸಬಹುದು. ಅದೇ ಜಾಗಕ್ಕೆ ಮಧ್ಯಾಹ್ನ ಹೋದರೆ ಇನ್ನೂ ಕಡಿಮೆ. ಅಡುಗೆಮನೆ ಅದೇ, ಬಾಣಸಿಗರು ಅವರೇ, ತಟ್ಟೆಗಳ ಸಂಖ್ಯೆ ಕಡಿಮೆ ಅಷ್ಟೇ. ಮಧ್ಯಾಹ್ನದ ಹುಟ್ಟುಹಬ್ಬದೂಟಕ್ಕೆ ನನ್ನ ಪೂರ್ತಿ ಓಟು. ನಮ್ಮ ಹೊಟ್ಟೆಗೂ ಆ ಹೊತ್ತು ಸರಿಹೋಗುತ್ತದೆ, ಸಂಜೆ ನದಿ ದಂಡೆಯಲ್ಲಿ ನಡೆದು ಅರಗಿಸಿಕೊಳ್ಳಲು ಸಮಯವೂ ಸಿಗುತ್ತದೆ.

ಬಜೆಟ್ ಕೆಡಿಸುವುದು ಊಟಕ್ಕಿಂತ ಗ್ಲಾಸ್‌ಗಳು. ಕೂತ ತಕ್ಷಣ ಶಾಂಪೇನ್ ಬೇಕಾ ಅಂತ ಕೇಳುತ್ತಾರೆ, ಖುಷಿಯಲ್ಲಿ ಹೂಂ ಅಂದರೆ ಇಬ್ಬರಿಗೆ 40-50 ಯೂರೋ ಅಲ್ಲೇ ಹೋಯಿತು. ಬೇಕಿದ್ದರೆ ಕುಡಿಯಿರಿ, ಹುಟ್ಟುಹಬ್ಬ ತಾನೇ. ಆದರೆ ಅದು ಬಿಟ್ಟಿ ಸ್ವಾಗತ ಪಾನೀಯ ಅಲ್ಲ ಅನ್ನುವುದು ಗೊತ್ತಿರಲಿ.

4. ಬುಕಿಂಗ್

ದೊಡ್ಡ ಹೆಸರಿನ ಜಾಗವಾದರೆ ಎರಡು ತಿಂಗಳು ಮುಂಚೆ, ಉಳಿದವಕ್ಕೆ ಮೂರು ನಾಲ್ಕು ವಾರ ಸಾಕು. ರೆಸ್ಟೋರೆಂಟ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ಮಾಡಿ. ಕಾರ್ಡ್ ನಂಬರ್ ಕೇಳುತ್ತಾರೆ. ದುಡ್ಡು ಆಗಲೇ ಕತ್ತರಿಸುವುದಿಲ್ಲ, ಆದರೆ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅಥವಾ ತೀರಾ ಕೊನೆಗಳಿಗೆಯಲ್ಲಿ ಬೇಡ ಅಂದರೆ ದಂಡ ಬೀಳುತ್ತದೆ, ತಲೆಗೆ ನೂರಾರು ಯೂರೋ ಇರಬಹುದು. ಎಷ್ಟು ಗಂಟೆ ಮುಂಚೆ ರದ್ದು ಮಾಡಬಹುದು ಅಂತ ಓದಿಕೊಳ್ಳಿ. ಕೆಲವರು ಪೂರ್ತಿ ದುಡ್ಡನ್ನೂ ಮುಂಗಡವಾಗಿ ತೆಗೆದುಕೊಳ್ಳುತ್ತಾರೆ.

ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಬ್ಯಾಂಕ್ ಆಪ್‌ಗೆ ಹೋಗಿ ಆನ್ ಮಾಡಿಕೊಂಡೇ ಬುಕಿಂಗ್‌ಗೆ ಕೂರಿ. ಜೊತೆಗೆ ಅಂಗಡಿಯಲ್ಲಿ ಕಾರ್ಡ್ ಬಳಸುವ ವಿದೇಶಿ ಸ್ವಿಚ್ ಕೂಡ ಆನ್ ಮಾಡಿ, ಅದು ಬೇರೆಯೇ ಇರುತ್ತದೆ.

5. ಆ ಇಮೇಲ್

ಬುಕಿಂಗ್ ಖಾತ್ರಿಯಾದ ಮೇಲೆ ಒಂದು ಇಮೇಲ್ ಬರೆಯಿರಿ. ಇಂಗ್ಲಿಷ್‌ನಲ್ಲಿ ಸಾಕು, ಚಿಕ್ಕದಾಗಿರಲಿ. ಇಡೀ ರಾತ್ರಿ ನಿಂತಿರುವುದು ಇದರ ಮೇಲೆ.

ಸಸ್ಯಾಹಾರಿ ಅಂತ ಒಂದೇ ಪದ ಬರೆದು ಸುಮ್ಮನಾಗಬೇಡಿ. ಅಲ್ಲಿಯವರ ತಲೆಯಲ್ಲಿ ಸಸ್ಯಾಹಾರ ಅಂದರೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣಬಾರದು, ಅಷ್ಟೇ ಅನ್ನುವವರೂ ಇದ್ದಾರೆ. ತರಕಾರಿ ಸೂಪ್‌ಗೆ ಕೋಳಿಯ ಸಾರು ಹಾಕಿರುತ್ತಾರೆ. ಈರುಳ್ಳಿ ಸೂಪ್‌ಗೆ ಹಳೇ ಪದ್ಧತಿಯಲ್ಲಿ ದನದ ಮೂಳೆಯ ಸಾರು. ನಡುಗುವ ಸಿಹಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ಮಾಡಿದ್ದು. ಚೀಸ್ ವಿಷಯ ಇನ್ನೂ ಸೂಕ್ಷ್ಮ: ಕೋಂತೆ, ರೋಕ್‌ಫೋರ್, ಬ್ರೀ ದ ಮೋ ಮುಂತಾದ ಹೆಸರಾಂತ ಚೀಸ್‌ಗಳಲ್ಲಿ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನು ತಿನ್ನುವುದು ಬಿಡುವುದು ನಿಮ್ಮಿಷ್ಟ, ಬಹಳ ಸಸ್ಯಾಹಾರಿಗಳು ತಲೆ ಕೆಡಿಸಿಕೊಳ್ಳದೆ ತಿನ್ನುತ್ತಾರೆ. ಆದರೆ ಬೇಡ ಅನ್ನುವವರು ಟೇಬಲ್ ಹತ್ತಿರ ಚೀಸ್ ಗಾಡಿ ಬಂದು ನಿಂತಾಗ ವಿಚಾರಣೆ ಶುರುಮಾಡಿದರೆ ಆಗುವುದಿಲ್ಲ.

ಮೊಟ್ಟೆ ತಿನ್ನದವರದ್ದು ಇನ್ನೊಂದು ಕಥೆ. ಬೆಂಗಳೂರಿನ ಬೇಕರಿಯಲ್ಲಿ ಎಗ್‌ಲೆಸ್ ಅಂದರೆ ಕಣ್ಣು ಮಿಟುಕಿಸದೆ ಕೊಡುತ್ತಾರೆ. ಫ್ರೆಂಚ್ ಸಿಹಿಯ ಅಡಿಪಾಯವೇ ಮೊಟ್ಟೆ. ಮುಂಚೆ ಹೇಳಿದರೆ ಬೇರೆ ಏನಾದರೂ ಮಾಡಿಕೊಡುತ್ತಾರೆ, ಅವತ್ತೇ ಹೇಳಿದರೆ ಹಣ್ಣು ಕತ್ತರಿಸಿ ಕೊಡುತ್ತಾರೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಯುರೋಪಿನ ಕಾನೂನಿನಂತೆ 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ರೆಸ್ಟೋರೆಂಟ್ ಮಾಹಿತಿ ಕೊಡಲೇಬೇಕು. ಆ ಪಟ್ಟಿಯಲ್ಲಿ ಮೊಟ್ಟೆ, ಮೀನು, ಹಾಲು, ಕಡಲೆಕಾಯಿ, ಎಳ್ಳು ಎಲ್ಲಾ ಇವೆ. ಮಾಂಸ ಇಲ್ಲ! ಹಾಗಾಗಿ ಬುಕಿಂಗ್ ಫಾರ್ಮ್‌ನಲ್ಲಿ ಅಲರ್ಜಿ ಅನ್ನುವ ಜಾಗ ತುಂಬಿದ ಮಾತ್ರಕ್ಕೆ ಮಾಂಸದ ಸಾರು, ಜೆಲಟಿನ್ ತಪ್ಪುವುದಿಲ್ಲ. ಅವುಗಳ ಹೆಸರು ಹಿಡಿದೇ ಬರೆಯಬೇಕು.

ಹೀಗೆ ಬರೆಯಿರಿ: ನಮ್ಮಲ್ಲಿ ಒಬ್ಬರು ಮಾಂಸ, ಮೀನು, ಮಾಂಸದ ಅಥವಾ ಮೀನಿನ ಸಾರು, ಜೆಲಟಿನ್, ಹಂದಿ ಕೊಬ್ಬು ತಿನ್ನುವುದಿಲ್ಲ, ಹಾಲು, ಬೆಣ್ಣೆ, ಚೀಸ್ ಆಗುತ್ತದೆ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ, ಅಡುಗೆಗೆ ಹಾಕಿದ ವೈನ್ ಆಗುತ್ತದೆ ಅಥವಾ ಆಗುವುದಿಲ್ಲ. ಇನ್ನೊಬ್ಬರು ಎಲ್ಲಾ ತಿನ್ನುತ್ತಾರೆ, ಆದರೆ ದನದ ಮಾಂಸ ಬೇಡ. ದೊಡ್ಡ ಮೆನು ಎಷ್ಟೋ ಕಡೆ ಇಡೀ ಟೇಬಲ್‌ಗೆ ಒಂದೇ ಅಂತ ನಿಯಮ ಇರುತ್ತದೆ, ಅದರದ್ದೇ ಸಸ್ಯಾಹಾರಿ ರೂಪ ಒಬ್ಬರಿಗೆ ಕೊಡಬಹುದಾ ಅಂತ ನೇರವಾಗಿ ಕೇಳಿ. ಆಗುವುದಿಲ್ಲ ಅಂದರೆ ಬೇರೆ ಜಾಗ ನೋಡಿ, ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಅದನ್ನು ಪ್ಯಾರಿಸ್‌ಗೆ ಹೋಗಿ ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿಯುವುದು ವಾಸಿ.

ಹುಟ್ಟುಹಬ್ಬದ ವಿಷಯವನ್ನೂ ಇಲ್ಲೇ ಬರೆಯಿರಿ. ಯಾರದ್ದು, ಹೆಸರೇನು, ಗುಟ್ಟಾಗಿಡಬೇಕಾ ಇಲ್ಲವಾ. ಫ್ರೆಂಚರು ಹುಟ್ಟುಹಬ್ಬಕ್ಕೂ ಮದುವೆ ವಾರ್ಷಿಕೋತ್ಸವಕ್ಕೂ ಆನಿವೆರ್ಸೇರ್ ಅಂತಲೇ ಹೇಳುವುದರಿಂದ, ಇದು ಹುಟ್ಟಿದ ದಿನ ಅಂತ ಸ್ಪಷ್ಟವಾಗಿರಲಿ. ಕಿಟಕಿ ಪಕ್ಕದ ಟೇಬಲ್ ಬೇಕಿದ್ದರೆ ಕೇಳಿ. ಕೊಡುತ್ತೇವೆ ಅಂತ ಮಾತು ಕೊಡುವುದಿಲ್ಲ, ಪ್ರಯತ್ನ ಮಾಡುತ್ತಾರೆ. ಇನ್ನೊಂದು ಹಳೇ ಪದ್ಧತಿ ಇದೆ, ಇಬ್ಬರಲ್ಲಿ ಅತಿಥಿಯಾದವರಿಗೆ ಬೆಲೆಯೇ ಇಲ್ಲದ ಮೆನು ಕೊಡುವುದು. ನಿಮ್ಮ ಹೆಂಡತಿ ಬಲಗಡೆಯ ಅಂಕಿ ನೋಡಿ ಅತಿ ಅಗ್ಗದ್ದನ್ನೇ ಹೇಳುವವರಾದರೆ ಇದನ್ನು ಕೇಳಿಕೊಳ್ಳಿ, ಹಳೇ ಕಾಲದ ಜಾಗಗಳಲ್ಲಿ ಮಾಡಿಕೊಡುತ್ತಾರೆ.

ಊಟಕ್ಕೆ ಎರಡು ದಿನ ಇರುವಾಗ ಅದೇ ಇಮೇಲ್‌ಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಿ, ಬರ್ತಾ ಇದ್ದೇವೆ ಅಂತ.

6. ಬಟ್ಟೆ

ಗಂಡಸರಿಗೆ ಬ್ಲೇಜರ್, ಒಳ್ಳೆ ಶರ್ಟ್, ಚರ್ಮದ ಶೂ. ಟೈ ಇಲ್ಲದಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಚಡ್ಡಿ, ಓಡುವ ಶೂ ಬೇಡವೇ ಬೇಡ. ಹೆಂಗಸರಿಗೆ ನಮ್ಮಲ್ಲಿ ಸುಲಭ: ಒಂದು ಮೈಸೂರು ಸಿಲ್ಕ್ ಸೀರೆ ಉಟ್ಟರೆ ಆ ಹಾಲ್‌ನಲ್ಲಿ ಅದಕ್ಕಿಂತ ಚೆನ್ನಾಗಿರುವುದು ಇನ್ನೊಂದಿರುವುದಿಲ್ಲ, ಮಡಿಚಿದರೆ ಸೂಟ್‌ಕೇಸ್‌ನಲ್ಲಿ ಜಾಗವೂ ಕಡಿಮೆ. ಕೋಟು, ಛತ್ರಿ, ಶಾಪಿಂಗ್ ಚೀಲ ಬಾಗಿಲಲ್ಲೇ ಇಟ್ಟುಕೊಳ್ಳುತ್ತಾರೆ.

7. ಒಳಗೆ ಹೋದ ಮೇಲೆ

ಬಾಗಿಲಲ್ಲಿ ಮೊದಲು ಬೋಂಸ್ವಾರ್ ಅನ್ನಿ. ಮಧ್ಯಾಹ್ನವಾದರೆ ಬೋಂಜೂರ್. ಇದು ಸಣ್ಣ ವಿಷಯ ಅಂತ ಬಿಡಬೇಡಿ. ನಮಸ್ಕಾರ ಹೇಳದೆ ನೇರವಾಗಿ ಬುಕಿಂಗ್ ಇದೆ ಅಂತ ಶುರುಮಾಡಿದರೆ ಅಲ್ಲಿ ಒರಟು ಅಂತಲೇ ಲೆಕ್ಕ. ಆಮೇಲೆ ಇಂಗ್ಲಿಷ್‌ನಲ್ಲಿ ಮಾತಾಡಿ, ಇಂಥ ಜಾಗಗಳಲ್ಲಿ ಎಲ್ಲರಿಗೂ ಬರುತ್ತದೆ. ಟೇಬಲ್ ತೋರಿಸುವ ತನಕ ನಿಲ್ಲಿ.

ಕೂತ ಮೇಲೆ ನೀರು ಯಾವುದು ಅಂತ ಕೇಳುತ್ತಾರೆ, ಸಾದಾನಾ ಗ್ಯಾಸ್ ಇರುವುದಾ ಅಂತ. ಎರಡೂ ಬಾಟಲಿ ನೀರು, ಎರಡಕ್ಕೂ ದುಡ್ಡು. ಕರಾಫ್ ದೋ ಅಂದರೆ ನಲ್ಲಿ ನೀರು ಕೊಡುತ್ತಾರೆ. ಅದು ಬಿಟ್ಟಿ, ಕುಡಿಯಲು ಚೆನ್ನಾಗಿಯೇ ಇದೆ. ಕೇಳಲು ನಾಚಿಕೆ ಬೇಡ, ಗ್ರಾಹಕ ಕೇಳಿದರೆ ಕೊಡಲೇಬೇಕು ಅಂತ ಅಲ್ಲಿಯ ಕಾನೂನೇ ಇದೆ.

ಯಾವ ವೈನ್ ಕುಡಿಯಬಹುದು ಅಂತ ಸಲಹೆ ಕೊಡುವ ರೆಸ್ಟೋರೆಂಟ್‌ನವರಿಗೆ ಸೊಮೆಲಿಯೇ ಅನ್ನುತ್ತಾರೆ. ವೈನ್ ಪುಸ್ತಕ ನೋಡಿ ಹೆದರಬೇಡಿ. ಬೆಲೆ ಬಾಯಲ್ಲಿ ಹೇಳಲು ಮುಜುಗರವಾದರೆ ಪುಟದಲ್ಲಿ ಒಂದು ಬೆಲೆಯ ಮೇಲೆ ಬೆರಳಿಟ್ಟು, ಇಂಥದ್ದು ಯಾವುದಾದರೂ ಹೇಳಿ ಅನ್ನಿ. ಅವರಿಗೆ ಅರ್ಥವಾಗುತ್ತದೆ. ಕುಡಿಯದವರು ಪ್ರತಿ ತಟ್ಟೆಗೂ ಹೊಂದುವ, ಆಲ್ಕೊಹಾಲ್ ಇಲ್ಲದ ಪಾನೀಯಗಳಿವೆಯಾ ಅಂತ ಕೇಳಿ, ಈಗ ಬಹಳ ಕಡೆ ಇರುತ್ತವೆ.

8. ತಟ್ಟೆಗಳ ಸಾಲು

ನೀವು ಹೇಳದೇ ಇದ್ದದ್ದು ಮೊದಲು ಬರುತ್ತದೆ. ಒಂದೇ ತುತ್ತಿನ ಚಿಕ್ಕ ಚಿಕ್ಕ ತಿಂಡಿಗಳು, ಆಮ್ಯೂಸ್ ಬೂಶ್, ಬಿಟ್ಟಿ. ಆಮೇಲೆ ಬ್ರೆಡ್, ಬೆಣ್ಣೆ. ಇಲ್ಲೇ ಎಚ್ಚರ. ಬ್ರೆಡ್ ಎಷ್ಟು ಬೇಕಾದರೂ ಕೊಡುತ್ತಾರೆ, ಬೆಣ್ಣೆ ರುಚಿಯಾಗಿರುತ್ತದೆ, ಹಸಿದ ಹೊಟ್ಟೆ ಬೇರೆ. ತಟ್ಟೆಗಳು ಚಿಕ್ಕದಾಗಿ ಕಂಡರೂ ಏಳೆಂಟು ಬರುತ್ತವೆ, ಬೆಣ್ಣೆ ಕೆನೆ ಜಾಸ್ತಿ. ಮದುವೆ ಮನೆ ಎಲೆಯಲ್ಲಿ ಪಾಯಸ, ಹೋಳಿಗೆ ಬರುವ ಮುಂಚೆ ಅನ್ನ ಸಾರಿಗೇ ಹೊಟ್ಟೆ ತುಂಬಿಸಿಕೊಂಡ ಹಾಗಾಗುತ್ತದೆ.

ಚಮಚ, ಮುಳ್ಳುಚಮಚಗಳು ಹೊರಗಿನಿಂದ ಒಳಗೆ. ಗೊಂದಲವಾದರೆ ಎದುರಿನ ಟೇಬಲ್ ನೋಡಿ. ತಿಂದು ಮುಗಿದರೆ ಎರಡನ್ನೂ ಜೋಡಿಸಿ ತಟ್ಟೆಯಲ್ಲಿಡಿ, ಬಂದು ತೆಗೆಯುತ್ತಾರೆ. ಕೈ ತೊಡೆ ಮೇಲೆ ಇಟ್ಟುಕೊಳ್ಳುವುದಕ್ಕಿಂತ ಮಣಿಕಟ್ಟು ಟೇಬಲ್ ಅಂಚಿನಲ್ಲಿರುವುದು ಅಲ್ಲಿಯ ರೂಢಿ. ಬ್ರೆಡ್ ಕೈಯಲ್ಲೇ ಮುರಿಯಬೇಕು, ನಮಗೆ ಬರುವ ವಿದ್ಯೆ. ತಟ್ಟೆ ಬಂದಾಗ ಒಂದು ಸಲ ಮೆಲ್ಲಗೆ ಕೇಳಿ, ಇದು ಸಸ್ಯಾಹಾರಿಯದ್ದು ತಾನೇ ಅಂತ. ಇಮೇಲ್ ಎಷ್ಟೇ ಚೆನ್ನಾಗಿದ್ದರೂ ತಟ್ಟೆಗಳು ಅದಲುಬದಲಾಗಬಹುದು.

ಮುಖ್ಯ ತಟ್ಟೆ ಆದ ಮೇಲೆ ಚೀಸ್, ಸಿಹಿ ಅದರ ನಂತರ. ಗಾಡಿಯಲ್ಲಿ ಹತ್ತಾರು ಬಗೆ ಬರುತ್ತವೆ. ಮೂರು ಅಥವಾ ನಾಲ್ಕು ಆರಿಸಿ, ಸೌಮ್ಯ ರುಚಿಯದ್ದರಿಂದ ಶುರುಮಾಡಿ, ಘಾಟು ಜಾಸ್ತಿ ಇರುವುದು ಕೊನೆಗೆ. ಬೇಡವಾದರೆ ಬೇಡ ಅನ್ನಬಹುದು, ಕೆಲವು ಕಡೆ ಅದಕ್ಕೆ ಬೇರೆ ದುಡ್ಡು.

9. ಕ್ಯಾಂಡಲ್ ಮತ್ತು ಕೇಕ್

ಸಿಹಿಯ ಹೊತ್ತಿಗೆ ಒಂದು ಕ್ಯಾಂಡಲ್, ತಟ್ಟೆಯ ಅಂಚಿನಲ್ಲಿ ಚಾಕೊಲೇಟ್‌ನಲ್ಲಿ ಬರೆದ ಶುಭಾಶಯ, ಇಷ್ಟು ಇರುತ್ತದೆ. ಜೋರಾಗಿ ಹಾಡು, ಚಪ್ಪಾಳೆ ಇರುವುದಿಲ್ಲ. ನೀವೂ ಹಾಡಬೇಡಿ. ಹೊರಗಿನಿಂದ ಕೇಕ್ ತರುವುದು ಇಂಥ ಜಾಗದಲ್ಲಿ ಅಲ್ಲಿಯ ಸಿಹಿ ಬಾಣಸಿಗರಿಗೆ ಮಾಡಿದ ಅವಮಾನ. ಪೂರ್ತಿ ಕೇಕೇ ಬೇಕಿದ್ದರೆ ಇಮೇಲ್‌ನಲ್ಲಿ ಕೇಳಿ, ದುಡ್ಡು ತೆಗೆದುಕೊಂಡು ಮಾಡಿಕೊಡಬಹುದು. ಮುಖಕ್ಕೆ ಕೇಕ್ ಬಳಿಯುವ ನಮ್ಮ ಕೆಟ್ಟ ಅಭ್ಯಾಸ ಹೋಟೆಲ್ ರೂಮಿಗೂ ಬೇಡ ಅನ್ನುವವನು ನಾನು.

ಉಡುಗೊರೆ ಕೊಡುವುದಿದ್ದರೆ ಚೀಸ್ ಮತ್ತು ಸಿಹಿಯ ನಡುವಿನ ಬಿಡುವು ಸರಿಯಾದ ಹೊತ್ತು. ಟೇಬಲ್ ಒರೆಸಿ ಖಾಲಿ ಮಾಡಿರುತ್ತಾರೆ. ಫೋಟೋ ತೆಗೆಯಬಹುದು, ಫ್ಲಾಶ್ ಬೇಡ. ಅವತ್ತಿನ ಮೆನು ಅಚ್ಚಾದ ಪ್ರತಿ ಕೇಳಿ, ಸಂತೋಷದಿಂದ ಕೊಡುತ್ತಾರೆ.

10. ಬಿಲ್ಲು ಮತ್ತು ದಾರಿ

ಕಾಫಿ, ಅದರ ಜೊತೆ ಮತ್ತೆ ಪುಟಾಣಿ ಸಿಹಿಗಳು ಬಂದವು. ಆಮೇಲೆ ಯಾರೂ ಬಿಲ್ ತರುತ್ತಿಲ್ಲ ಅಂತ ಸಿಡುಕಬೇಡಿ. ನೀವು ಕೇಳುವ ತನಕ ತರುವುದಿಲ್ಲ, ತಂದರೆ ಎದ್ದು ಹೋಗಿ ಅಂದ ಹಾಗಾಗುತ್ತದೆ ಅಂತ. ಕಣ್ಣು ಸೇರಿದಾಗ ಲಾದಿಸ್ಯೋಂ, ಸಿಲ್ ವು ಪ್ಲೇ ಅನ್ನಿ. ಬೆರಳು ಚಿಟಿಕೆ ಹೊಡೆಯುವುದು, ಕೂಗುವುದು ಬೇಡ.

ಸರ್ವಿಸ್ ಚಾರ್ಜ್ ಮತ್ತು ತೆರಿಗೆ ಬೆಲೆಯಲ್ಲೇ ಸೇರಿರಬೇಕು ಅಂತ 1987ರಿಂದ ಅಲ್ಲಿ ನಿಯಮ ಇದೆ. ಮೆನುವಿನಲ್ಲಿ ಕಂಡದ್ದೇ ಕೊನೆಯ ಬೆಲೆ. ಟಿಪ್ ಕಡ್ಡಾಯ ಅಲ್ಲ, ಖುಷಿಯಾದರೆ 10-20 ಯೂರೋ ನೋಟು ಇಟ್ಟು ಬನ್ನಿ. ಕಾರ್ಡ್ ಮಷಿನ್ ರೂಪಾಯಿಯಲ್ಲಿ ಕೊಡ್ತೀರಾ ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರಿಗೆ ಬೇಕಾದ ದರ ಹಾಕುತ್ತಾರೆ, ಈ ಮೊತ್ತಕ್ಕೆ ಅದು ಸಾವಿರಾರು ರೂಪಾಯಿ ವ್ಯತ್ಯಾಸ. ಐಫೆಲ್ ಟವರ್ ಟಿಕೆಟ್‌ಗೆ 2024ರಿಂದ ಯುಪಿಐ ಬಂದಿದೆ ಅಂತ ಓದಿ, ಊಟದ ಬಿಲ್ಲಿಗೂ ಅದನ್ನೇ ನಂಬಿಕೊಂಡು ಹೋಗಬೇಡಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಜೇಬಲ್ಲಿರಲಿ.

ಮೆಟ್ರೋ ವಾರದ ದಿನಗಳಲ್ಲಿ ರಾತ್ರಿ ಸುಮಾರು 1:15ರವರೆಗೆ, ಶುಕ್ರವಾರ ಶನಿವಾರ 2:15ರವರೆಗೆ ಇರುತ್ತದೆ. ನಿಮ್ಮ ನಿಲ್ದಾಣದಿಂದ ಕೊನೆಯ ರೈಲು ಇನ್ನೂ ಮುಂಚೆ ಹೋಗಬಹುದು. ಸೀರೆ, ಒಡವೆ, ಹೊಟ್ಟೆ ತುಂಬಾ ಊಟ ಎಲ್ಲಾ ಇರುವಾಗ ಟ್ಯಾಕ್ಸಿಯೇ ವಾಸಿ. ಬಿಲ್ ಕೊಡುವಾಗ ಹೇಳಿದರೆ ರೆಸ್ಟೋರೆಂಟ್‌ನವರೇ ಕರೆಸಿಕೊಡುತ್ತಾರೆ, ಕೋಟು ಹಾಕಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ಬಂದಿರುತ್ತದೆ.